ಯಕೃತ್ತಿನ ವೈರಸ್, ರಕ್ತದ ಸಕ್ಕರೆ

ದಾವಣಗೆರೆಯಲ್ಲೋ ಹರಿಹರದಲ್ಲೋ ಶಿಬಿರದಲ್ಲಿ ಕೊಟ್ಟ ರಕ್ತ ಇನ್ನೊಬ್ಬರ ಮೈ ಸೇರುವ ಮುನ್ನ ಐದು ಸೋಂಕುಗಳ ಪರೀಕ್ಷೆಗೆ ಒಳಗಾಗುತ್ತದೆ: ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ. ಕಾಮಾಲೆಯಿಲ್ಲ, ನೋವಿಲ್ಲ, ಆದರೂ ತಮಗೆ ಹೆಪಟೈಟಿಸ್ ಸಿ ಇದೆಯೆಂದು ಎಷ್ಟೋ ಮಂದಿಗೆ ಮೊದಲು ಗೊತ್ತಾಗುವುದು ಇಲ್ಲೇ. ಈ ವೈರಸ್ ಯಕೃತ್ತನ್ನಷ್ಟೇ ಅಲ್ಲ, ಸಕ್ಕರೆ ಮತ್ತು ಕೊಬ್ಬಿನ ಲೆಕ್ಕವನ್ನೂ ಕೆಡಿಸುತ್ತದೆಂದು ವೈದ್ಯಲೋಕ ಒಪ್ಪಲು ದಶಕಗಳೇ ಬೇಕಾದವು.

1970ರ ದಶಕದಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ರಕ್ತ ಪಡೆದ ಎಷ್ಟೋ ಮಂದಿಗೆ ಬರುತ್ತಿದ್ದ ಯಕೃತ್ತಿನ ಉರಿಯೂತಕ್ಕೆ ಕಾರಣ ಹೆಪಟೈಟಿಸ್ 'ಎ' ವೈರಸ್ಸೂ ಅಲ್ಲ, 'ಬಿ'ಯೂ ಅಲ್ಲ ಎಂದು ಸಂಶೋಧಕ ಹಾರ್ವೆ ಆಲ್ಟರ್ ತಂಡ ತೋರಿಸಿತ್ತು. 1989ರಲ್ಲಿ ಮೈಕೆಲ್ ಹೌಟನ್ ಮತ್ತು ಸಂಗಡಿಗರು ವೈರಸ್ಸನ್ನು ಗುರುತಿಸಿದರು. ಆಲ್ಟರ್, ಹೌಟನ್ ಮತ್ತು ಇದೇ ವೈರಸ್ ಮೇಲೆ ಕೆಲಸ ಮಾಡಿದ ಚಾರ್ಲ್ಸ್ ರೈಸ್ 2020ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು.

ಸಕ್ಕರೆಯ ಸುಳಿವು ಸಿಕ್ಕಿದ್ದು 1994ರಲ್ಲಿ. ಹೆಪಟೈಟಿಸ್ ಸಿಯಿಂದ ಸಿರೋಸಿಸ್ (ಯಕೃತ್ತು ಗಾಯಗಟ್ಟಿ ಗಡುಸಾಗುವ ಸ್ಥಿತಿ) ಬಂದವರಲ್ಲಿ ಮಧುಮೇಹ ಉಳಿದ ಸಿರೋಸಿಸ್ ರೋಗಿಗಳಿಗಿಂತ ಬಹಳ ಹೆಚ್ಚಿತ್ತು. ಯಕೃತ್ತು ಕೆಟ್ಟರೆ ಸಕ್ಕರೆ ಏರುವುದು ಸಹಜ ಎಂಬ ಆಕ್ಷೇಪವೂ ಬಂತು. 2000ದಲ್ಲಿ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ವಿಶ್ಲೇಷಣೆ, ಸೋಂಕಿರುವ 40 ದಾಟಿದವರಲ್ಲಿ ಎರಡನೇ ಬಗೆಯ ಮಧುಮೇಹದ ಸಂಭವ ಮೂರು ಪಟ್ಟಿಗೂ ಹೆಚ್ಚೆಂದು ತೋರಿಸಿತು. 2004ರಲ್ಲಿ ಜಪಾನಿನ ಸಂಶೋಧಕರು ವೈರಸ್ಸಿನ ಕೋರ್ ಪ್ರೋಟೀನಿನ ಜೀನನ್ನು ಇಲಿಗಳಲ್ಲಿ ಸೇರಿಸಿದಾಗ, ಇನ್ಸುಲಿನ್ನಿಗೆ ಅವುಗಳ ದೇಹ ಸರಿಯಾಗಿ ಸ್ಪಂದಿಸಲಿಲ್ಲ. ವೈರಸ್ಸೇ ನೇರ ಪಾತ್ರಧಾರಿ ಎಂಬುದಕ್ಕೆ ಬಲ ಬಂತು.

ಕೊಬ್ಬಿನ ಕಥೆ ಇನ್ನೂ ಕುತೂಹಲಕರ. ವೈರಸ್ ರಕ್ತದಲ್ಲಿ ಓಡಾಡುವುದೇ ಕೊಬ್ಬಿನ ಕಣಗಳಿಗೆ ಅಂಟಿಕೊಂಡು. ವೈರಸ್ಸಿನ ತಳಿಗಳಲ್ಲಿ (ಜೀನೋಟೈಪ್) ಮೂರನೆಯದಂತೂ ಯಕೃತ್ತಿನಿಂದ ಕೊಬ್ಬು ಹೊರಹೋಗುವ ದಾರಿಗೇ ಅಡ್ಡ ನಿಲ್ಲುತ್ತದೆ: ಒಳಗೆ ಫ್ಯಾಟಿ ಲಿವರ್, ಹೊರಗೆ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ ಕಡಿಮೆ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಈ ತಳಿಯೇ. ದಕ್ಷಿಣದಲ್ಲಿ ಒಂದನೆಯದೂ ಗಣನೀಯವಾಗಿದೆ. ಹಾಗಾಗಿ ಕೊಲೆಸ್ಟ್ರಾಲ್ ಕಡಿಮೆಯೆಂದು ಬೆಣ್ಣೆ ದೋಸೆಗೆ ಇನ್ನಷ್ಟು ಬೆಣ್ಣೆ ಹಾಕಿಸಿಕೊಳ್ಳುವವರಿಗೆ ಆ ಅಂಕಿಯೇ ಮೋಸ ಮಾಡಬಹುದು.

ಹೆಪಟೈಟಿಸ್ ಸಿಗೆ ಇಂಟರ್‌ಫೆರಾನ್ ಚುಚ್ಚುಮದ್ದು ಕೊಡುತ್ತಿದ್ದ ಕಾಲದಲ್ಲಿ ಇನ್ಸುಲಿನ್ ಪ್ರತಿರೋಧವಿದ್ದವರು ಗುಣವಾಗುವುದು ಕಷ್ಟವಾಗಿತ್ತು. 2013ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ವೈರಸ್ಸನ್ನೇ ನೇರವಾಗಿ ತಡೆಯುವ ಸೊಫೊಸ್‌ಬುವಿರ್ ಮಾತ್ರೆಗೆ ಅನುಮತಿ ಸಿಕ್ಕಿತು. 2015ರಲ್ಲಿ ಅದರ ಭಾರತೀಯ ಜೆನೆರಿಕ್ ಮಾತ್ರೆಗಳು ಬಂದವು. ಸಾಮಾನ್ಯವಾಗಿ 12 ವಾರಗಳ ಔಷಧಿಯಲ್ಲಿ ಶೇಕಡಾ 95ರಷ್ಟು ಮಂದಿ ಗುಣವಾಗುತ್ತಾರೆ. ಸೋಂಕು ಹೋದ ಮೇಲೆ ಹಲವು ಮಧುಮೇಹಿಗಳ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯ ಅಳತೆ) ಇಳಿಯುತ್ತದೆ. ಸಕ್ಕರೆ ಮಾತ್ರೆಯ ಪ್ರಮಾಣ ಅದಕ್ಕೆ ತಕ್ಕಂತೆ ಬದಲಾಗದಿದ್ದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ಇತ್ತ ಕೊಲೆಸ್ಟ್ರಾಲ್ ಏರಬಹುದು. ಗುಣವಾದ ಮೇಲೂ ಹೃದಯದ ಕಡೆ ಗಮನವಿರಬೇಕೆನ್ನುವುದು ಇದಕ್ಕೇ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ ಭಾರತದಲ್ಲಿ ಸುಮಾರು 55 ಲಕ್ಷ ಮಂದಿಗೆ ಹೆಪಟೈಟಿಸ್ ಸಿ ಇದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ. ಎರಡೂ ಗುಂಪಿಗೆ ಸೇರಿದವರು ಎಲ್ಲೆಡೆ ಇರುತ್ತಾರೆ. ಹರಿಹರದ ಕಾರ್ಖಾನೆಗಳಲ್ಲೂ, ದಾವಣಗೆರೆಯ ಅಂಗಡಿ ಬೀದಿಗಳಲ್ಲೂ. ಆದರೆ ಸಕ್ಕರೆ ನೋಡುವ ವೈದ್ಯರು ಬೇರೆ, ಯಕೃತ್ತು ನೋಡುವವರು ಬೇರೆ.

2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಉಚಿತ. 2001ಕ್ಕೆ ಮುನ್ನ ರಕ್ತ ಪಡೆದವರು, ಡಯಾಲಿಸಿಸ್‌ನಲ್ಲಿರುವವರು, ಸೂಜಿ ಹಂಚಿಕೊಂಡವರು ಒಮ್ಮೆ ಪರೀಕ್ಷಿಸಿಕೊಳ್ಳಲಿ. ಎಲ್ಲಿ ಎಂದು ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಬಂದರೆ ವೈರಸ್ಸಿನ ಆರ್‌ಎನ್‌ಎ ಪರೀಕ್ಷೆಯೂ ಆಗಬೇಕು, ಏಕೆಂದರೆ ಗುಣವಾದವರಲ್ಲೂ ಪ್ರತಿಕಾಯ ಉಳಿದಿರುತ್ತದೆ. ಸೋಂಕು ಖಚಿತವಾದರೆ ಅದೇ ವಾರ ಸಕ್ಕರೆಯನ್ನೂ ನೋಡಿಸಿ.