ಐ.ಟಿ.ಐ. ಹುಟ್ಟಿದ್ದು ಯಾರಿಗಾಗಿ?

ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದರೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು. ನನ್ನ ಸೇವಾವಧಿಯೆಲ್ಲ ಕಳೆದದ್ದು ಈ ನಾಲ್ಕರಲ್ಲಿಯೇ. ಮಳೆ ಕೈಕೊಟ್ಟು ಕಡಲೆಕಾಯಿ ಬೆಳೆ ಹೋದ ವರ್ಷಗಳಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗರು ಸೇನಾ ಭರ್ತಿಗೆ ಹೊರಡುವುದನ್ನು ಕಂಡಿದ್ದೇನೆ. ಎಷ್ಟೋ ಮಂದಿಗೆ ನಡತೆಯ ಪ್ರಮಾಣಪತ್ರವನ್ನು ನಾನೇ ಬರೆದುಕೊಟ್ಟಿದ್ದೇನೆ. ಅವರು ಹದಿನೈದು, ಹದಿನೇಳು ವರ್ಷ ದುಡಿದು, ನಲವತ್ತು ತುಂಬುವ ಮೊದಲೇ ಪಿಂಚಣಿಯೊಡನೆ ಊರಿಗೆ ಮರಳುತ್ತಿದ್ದರು. ಆಮೇಲೆ ಅವರ ಗತಿಯೇನು ಎಂದು ನಾನು ಯೋಚಿಸಿದವನಲ್ಲ.

ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರನ್ನು ಕಾಣಲು ತುಮಕೂರಿನ ಕಡೆಯ ಒಂದು ಕಾರ್ಖಾನೆಗೆ ಹೋಗಿದ್ದೆ. ಗೇಟಿನ ಕಾವಲುಗಾರ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದು, “ಮೇಷ್ಟ್ರೆ, ಗುರುತು ಸಿಕ್ಕಿತೆ?” ಎಂದ. ಪಾವಗಡ ತಾಲ್ಲೂಕಿನ ನನ್ನ ಹಳೆಯ ವಿದ್ಯಾರ್ಥಿ. ಸೇನೆಯ ಇ.ಎಂ.ಇ. ದಳದಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವನು. “ಒಳಗೆ ಯಂತ್ರ ನಿಂತರೆ ಬೆಂಗಳೂರಿನಿಂದ ಎಂಜಿನಿಯರ್ ಬರುವವರೆಗೆ ಎಲ್ಲರೂ ಕಾಯುತ್ತಾರೆ, ನಾನು ಹೊರಗೆ ಕಾಯುತ್ತೇನೆ” ಎಂದು ನಕ್ಕ. ಮತ್ತೂ ಒಂದು ಮಾತು ಹೇಳಿದ. ಹಿಂದೆ ರಜೆಗೆ ಬಂದಾಗ ಡಿಪ್ಲೊಮಾ ಓದಲೇ ಎಂದು ನನ್ನನ್ನು ಕೇಳಿದ್ದನಂತೆ. “ಪಿಂಚಣಿ ಬರುತ್ತದಲ್ಲಪ್ಪ, ಅದೇಕೆ?” ಎಂದಿದ್ದೆನಂತೆ. ನನಗೆ ನೆನಪಿಲ್ಲ. ಆದರೆ ಮಾತು ನನ್ನದೇ ಎಂಬುದರಲ್ಲಿ ಸಂಶಯವಿಲ್ಲ.

ಆ ಸಂಕಟದಲ್ಲಿಯೇ ಈ ವಿಷಯದ ಚರಿತ್ರೆಯನ್ನು ಓದತೊಡಗಿದೆ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆಯಲ್ಲಿ ಸುಮಾರು ೨೫ ಲಕ್ಷ ಜನರಿದ್ದರು. ನಮ್ಮ ಹುಡುಗನ ಇ.ಎಂ.ಇ. ದಳ ಹುಟ್ಟಿದ್ದೂ ಆ ಯುದ್ಧದ ನಡುವೆಯೇ, ೧೯೪೩ರಲ್ಲಿ. ಯುದ್ಧ ಮುಗಿದರೆ ಇಷ್ಟು ಜನ ಎಲ್ಲಿಗೆ ಹೋಗಬೇಕು? ಇದಕ್ಕಾಗಿಯೇ ೧೯೪೫ರ ಜುಲೈ ತಿಂಗಳಲ್ಲಿ ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯ ಆರಂಭವಾಯಿತು. ಬಿಡುಗಡೆಯಾದ ಸೈನಿಕರಿಗೂ ಯುದ್ಧಕಾಲದ ಕಾರ್ಮಿಕರಿಗೂ ನೆಲೆ ಕಾಣಿಸುವುದು ಅದರ ಉದ್ದೇಶ. ದೇಶ ವಿಭಜನೆಯಾದಾಗ ನಿರಾಶ್ರಿತರೂ ಅದರ ಆಶ್ರಯಕ್ಕೆ ಬಂದರು. ೧೯೫೦ರಲ್ಲಿ ಅದೇ ವ್ಯವಸ್ಥೆಯಿಂದ ಕುಶಲಕರ್ಮಿ ತರಬೇತಿ ಯೋಜನೆ ಮೂಡಿತು. ೧೯೫೬ರಲ್ಲಿ ತರಬೇತಿ ಸಂಸ್ಥೆಗಳ ದಿನನಿತ್ಯದ ಆಡಳಿತ ರಾಜ್ಯಗಳ ಕೈಗೆ ಬಂದಿತು. ನಮ್ಮ ಊರುಗಳ ಫಿಟ್ಟರ್, ಎಲೆಕ್ಟ್ರಿಷಿಯನ್ ತರಗತಿಗಳ ಮೂಲ ಇದು. ಓದಿನಲ್ಲಿ ಹಿಂದೆ ಬಿದ್ದವರ ದಾರಿಯೆಂದು ನಾವು ಮೇಷ್ಟ್ರುಗಳು ಹಗುರವಾಗಿ ಕಂಡ ಐ.ಟಿ.ಐ.ಯ ಬೇರು ಮನೆಗೆ ಮರಳಿದ ಸಿಪಾಯಿಯಲ್ಲಿದೆ!

ಇಂದು ಸೈನಿಕರ ಪುನರ್ವಸತಿಗೆ ರಕ್ಷಣಾ ಸಚಿವಾಲಯದಲ್ಲಿಯೇ ಪ್ರತ್ಯೇಕ ಮಹಾನಿರ್ದೇಶನಾಲಯವಿದೆ. ಅದು ತರಬೇತಿಗಳನ್ನು ನಡೆಸುತ್ತದೆ, ಮಾಜಿ ಸೈನಿಕರ ಭದ್ರತಾ ಸಂಸ್ಥೆಗಳನ್ನೂ ಪ್ರಾಯೋಜಿಸುತ್ತದೆ. ಹೀಗಾಗಿ ಗೇಟಿನ ಕೆಲಸ ಬೇಗ ಸಿಗುತ್ತದೆ. ಹತ್ತನೆಯ ತರಗತಿ ಪಾಸಾಗಿ ೧೫ ವರ್ಷ ಸೇವೆ ಸಲ್ಲಿಸಿದವನನ್ನು ಕೇಂದ್ರ ಸರ್ಕಾರದ ‘ಸಿ’ ವರ್ಗದ ಕೆಲವು ಹುದ್ದೆಗಳಿಗೆ ಪದವೀಧರನ ಸಮಾನನೆಂದು ಪರಿಗಣಿಸುವ ನಿಯಮವೂ ಉಂಟು. ಆದರೆ ಖಾಸಗಿ ಕಾರ್ಖಾನೆಯವರು ಕೇಳುವುದು ಬೇರೆಯೇ ಕಾಗದವನ್ನು.

ನನ್ನ ವಿದ್ಯಾರ್ಥಿ ಕೊನೆಗೆ ಉಳಿತಾಯದ ಹಣ ಕಟ್ಟಿ ಬೆಂಗಳೂರಿನಲ್ಲಿ ಪಿ.ಎಲ್.ಸಿ. ತರಬೇತಿಗೆ ಸೇರಿದ. ಯಂತ್ರಗಳನ್ನು ತಾವಾಗಿ ನಡೆಯುವಂತೆ ಮಾಡುವ ಪುಟ್ಟ ಗಣಕ ಅದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸೇನೆಯಲ್ಲಿ ಹಿಂದಿ ಆಡಿದವನಿಗೆ ಪರದೆಯ ತುಂಬ ಇಂಗ್ಲಿಷು ಕಂಡು ಮೊದಲೆರಡು ದಿನ ಓಡಿಬರುವ ಮನಸ್ಸಾಗಿತ್ತಂತೆ. ಮೂರನೆಯ ದಿನ ಗುರುಗಳು ‘ಲ್ಯಾಡರ್’ ಚಿತ್ರ ಬರೆದರು. ಅದರ ಕಥೆಯನ್ನು ಆತ ನಮ್ಮ ಮನೆಗೆ ಬಂದಾಗ ಮದುವೆಯ ಆಹ್ವಾನಪತ್ರಿಕೆಯ ಹಿಂಬದಿಯಲ್ಲಿ ಬರೆದು ತೋರಿಸಿದ. ಎರಡು ನೆಟ್ಟ ಗೆರೆಗಳು, ನಡುವೆ ಏಣಿಯ ಮೆಟ್ಟಿಲುಗಳು. “ಗುಂಡಿಯಿಂದ ಕೈ ತೆಗೆದರೂ ಮೋಟಾರು ತಿರುಗುತ್ತಿರಬೇಕು ಮೇಷ್ಟ್ರೆ. ಅದಕ್ಕೆ ಈ ಸಂಪರ್ಕ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ನಿಮ್ಮ ಬೋರ್‌ವೆಲ್ಲಿನ ಸ್ಟಾರ್ಟರಿನಲ್ಲಿರುವುದೂ ಇದೇ. ನಾನು ಸೇನೆಯ ಜನರೇಟರುಗಳಲ್ಲಿ ನೋಡಿದ್ದೂ ಇದೇ.”

ಇದು ಆಕಸ್ಮಿಕವಲ್ಲ. ೧೯೬೮ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಗೆ, ಕಾರಿನ ಮಾದರಿ ಬದಲಾದಾಗಲೆಲ್ಲ ರಿಲೇಗಳ ಬೀರುಗಳಿಗೆ ಹೊಸದಾಗಿ ತಂತಿ ಎಳೆಯುವುದು ಸಾಕಾಗಿತ್ತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ರೂಪಿಸಿದ ‘ಮಾಡಿಕಾನ್’ ಆ ತೊಂದರೆಗೆ ಪರಿಹಾರವಾಯಿತು. ಅದರ ಭಾಷೆಯನ್ನು ರಿಲೇ ನಕ್ಷೆಯ ರೂಪದಲ್ಲಿಯೇ ಇಟ್ಟದ್ದು ಕಾರ್ಖಾನೆಯ ಎಲೆಕ್ಟ್ರಿಷಿಯನ್ನನಿಗೆ ಓದಲು ಬರಲಿ ಎಂದೇ. ಅಂದರೆ ನನ್ನ ಶಿಷ್ಯ ಕಲಿತ ಹೊಸ ವಿದ್ಯೆಯ ಅರ್ಧಭಾಗ ಅವನಲ್ಲಿ ಮೊದಲೇ ಇತ್ತು.

ತುಮಕೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ ೨೦೧೬ರಲ್ಲಿ ಮುಚ್ಚಿತು. ವಸಂತನರಸಾಪುರದಲ್ಲಿ ಹೊಸ ಕಾರ್ಖಾನೆಗಳು ಎದ್ದಿವೆ. ೨೦೧೮ರಲ್ಲಿ ಆರಂಭವಾದ ಪಾವಗಡದ ಸೌರ ಉದ್ಯಾನ ೧೩,೦೦೦ ಎಕರೆ ಹಬ್ಬಿದೆ. ೨೦೨೨ರಲ್ಲಿ ರಾಜ್ಯದ ೧೫೦ ಸರ್ಕಾರಿ ಐ.ಟಿ.ಐ.ಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿದಾಗ ಯಾಂತ್ರೀಕರಣದ ಪಾಠವೂ ಅಲ್ಲಿಗೆ ಬಂದಿತು. ಆ ಬೆಂಚುಗಳಲ್ಲಿ ಹದಿನಾರರ ಹುಡುಗರ ಪಕ್ಕದಲ್ಲಿ ಮೂವತ್ತೆಂಟರ ಸಿಪಾಯಿಗೂ ಸಂಜೆಯ ಹೊತ್ತಾದರೂ ಜಾಗ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ಆತನಿಗೆ ಈಗ ಇನ್ನೊಂದು ಕಾರ್ಖಾನೆಯ ದುರಸ್ತಿ ವಿಭಾಗದಲ್ಲಿ ಕೆಲಸ. ಮೊದಲ ವರ್ಷ ಗೇಟಿನ ಸಂಬಳಕ್ಕಿಂತ ಕಡಿಮೆ ಬಂದಿತೆಂದು ಅವನ ಹೆಂಡತಿ ನನ್ನೆದುರೇ ಗೊಣಗಿದಳು. ಕಳೆದ ತಿಂಗಳು ಸಿರಾದ ಇನ್ನೊಬ್ಬ ಹಳೆಯ ವಿದ್ಯಾರ್ಥಿ ರಜೆಗೆ ಬಂದವನು ಮನೆಗೂ ಬಂದ. ನಿವೃತ್ತಿಗೆ ಎರಡು ವರ್ಷವಿದೆಯಂತೆ. ಸೇನೆಯಲ್ಲಿ ಮಾಡಿದ ಕೆಲಸದ ಕಾಗದಗಳನ್ನೆಲ್ಲ ಜೋಪಾನವಾಗಿಡಲು ಹೇಳಿ, ಪಾವಗಡದವನ ಫೋನ್ ನಂಬರನ್ನು ಬರೆದುಕೊಟ್ಟೆ. ಪಿಂಚಣಿಯ ಮಾತೆತ್ತಲಿಲ್ಲ.