ವೀವಧ: ಸೇನಾಧಾನ್ಯವಾಚಕವಾದ ಒಂದು ಪ್ರಾಚೀನ ಶಬ್ದ

ಸಂಸ್ಕೃತದ ‘ವೀವಧ’ ಶಬ್ದಕ್ಕೆ ‘ವಿವಧ’ವೆಂಬ ಹ್ರಸ್ವರೂಪವೂ ಉಂಟು. ಪಾಣಿನಿಯ ಸೂತ್ರದಲ್ಲಿ (4.4.17) ಬರುವುದು ಈ ಹ್ರಸ್ವರೂಪವೇ. ಹೆಗಲಡ್ಡೆಯಿಂದ ಹೊರೆ ಸಾಗಿಸುವವನು ‘ವೈವಧಿಕ’. ಅಮರಕೋಶವು ಇದಕ್ಕೆ ‘ಮಾರ್ಗ’ವೆಂಬ ಅರ್ಥವನ್ನೂ ಹೇಳುತ್ತದೆ.

ಮೈಸೂರಿನಲ್ಲಿ ದೊರೆತ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಾದರೋ ವೀವಧವೆಂದರೆ ಸೇನೆಗೆ ಒದಗಿಬರುವ ಧಾನ್ಯಾದಿ ಆಹಾರಸಾಮಗ್ರಿ. ಅದರ ಜೊತೆಯ ಶಬ್ದಗಳಲ್ಲಿ ‘ಆಸಾರ’ವು ಮಿತ್ರಬಲ, ‘ಪ್ರಸಾರ’ವು ಹುಲ್ಲು ಕಟ್ಟಿಗೆಗಳ ಸಂಗ್ರಹ. ದಂಡು ಹೊರಟಾಗ ಆಹಾರವನ್ನು ಇಮ್ಮಡಿಯಾಗಿ ಸಾಗಿಸಬೇಕೆಂದು ಹತ್ತನೆಯ ಅಧಿಕರಣವು ವಿಧಿಸುತ್ತದೆ. ಶತ್ರುವಿನ ಬಿತ್ತನೆ, ಪೈರುಗಳೊಡನೆ ವೀವಧ ಪ್ರಸಾರಗಳನ್ನೂ ನಾಶಗೊಳಿಸಬೇಕೆಂಬುದು ಹದಿಮೂರನೆಯ ಅಧಿಕರಣದ ಮಾತು. ಮಾಘನ ಶಿಶುಪಾಲವಧದ ಎರಡನೆಯ ಸರ್ಗದಲ್ಲಿ ಬಲರಾಮನ ಮಂತ್ರಾಲೋಚನೆಯೂ ಈ ಮೂರನ್ನೇ ತಡೆಯಬೇಕೆನ್ನುತ್ತದೆ. ಮಲ್ಲಿನಾಥನ ವ್ಯಾಖ್ಯಾನವೂ ಈ ಅರ್ಥವನ್ನೇ ಸಮರ್ಥಿಸುತ್ತದೆ.

ಇಂಥ ಸ್ಥಳಗಳಲ್ಲಿ ‘ಹೊರೆ’ ಅಥವಾ ‘ದಾರಿ’ ಎಂದು ಅರ್ಥೈಸಿದರೆ, ಹಸಿವನ್ನೇ ಆಯುಧವಾಗಿಸಿದ ಆ ನೀತಿಯ ಕ್ರೌರ್ಯವು ಮರೆಯಾಗುತ್ತದೆ. ಕನ್ನಡ ಲಿಪಿಯ ಓಲೆಗಳಲ್ಲಿ ಒಂದು ಗುಡಿಸು ಹೆಚ್ಚಾದರೆ ‘ವಿವಧ’ವು ‘ವಿವಿಧ’ವಾಗುವುದು. ಆದುದರಿಂದ ಸೇನಾಪ್ರಕರಣಗಳಲ್ಲಿ ‘ವಿವಿಧ’ವೆಂಬ ಪಾಠವು ಕಂಡಲ್ಲಿ ಸಂಪಾದಕನು ಒಮ್ಮೆ ನಿಂತು ಪರಿಶೀಲಿಸುವುದು ಉಚಿತ. ಒಂದು ಸ್ವರಚಿಹ್ನೆಯೊಡನೆ ಒಂದು ದಂಡಿನ ಅನ್ನವೇ ಅಳಿಸಿಹೋಗಿರಬಹುದು.