ಫಿರ್ಯಾದಿಯ ಮಾತು, ಠಾಣೆಯ ಬರಹ

ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಪತ್ತೆ ಮಾಡಿದರು. ಅಲ್ಲಿಯವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯಲ್ಲಿ ‘ಅಶೋಕ’ ಎಂಬ ಹೆಸರೇ ಇತ್ತು. ಆ ಒಂದು ಹೆಸರಿನಿಂದ ಹಳೆಯ ಸಂದೇಹ ಬಗೆಹರಿಯಿತು.

ಹೇಳಿದ್ದು ಯಾರು ಎಂಬುದು ಸ್ಪಷ್ಟವಾಗಿರಬೇಕೆಂಬ ಮಾತು ಪೊಲೀಸ್ ಠಾಣೆಯ ಬರಹಕ್ಕೂ ಸಲ್ಲುತ್ತದೆ. ಆದರೆ ಈ ಸೀಮೆಯಲ್ಲಿ ಫಿರ್ಯಾದಿಯ ಮಾತು ಅವನ ಭಾಷೆಯಲ್ಲೇ ಕಾಗದಕ್ಕಿಳಿಯಲು ಬಹುಕಾಲ ಬೇಕಾಯಿತು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. 1905ರವರೆಗೆ ಲಿಂಗಸುಗೂರೇ ಒಂದು ಜಿಲ್ಲೆಯಾಗಿತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. ರೈತ ಕನ್ನಡದಲ್ಲಿ ಹೇಳಿದ್ದು ಸರ್ಕಾರಿ ಕಡತದಲ್ಲಿ ಉರ್ದುವಾಯಿತು. ಆ ಲಿಪಿ ತಿಳಿಯದವನು ಬರೆದವರನ್ನು ನಂಬಿ ಹೆಬ್ಬೆಟ್ಟು ಒತ್ತಬೇಕಿತ್ತು.

1948ರ ಸೆಪ್ಟೆಂಬರ್‌ನಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1963ರ ಕಾಯ್ದೆಯಿಂದ ಕನ್ನಡ ರಾಜ್ಯದ ಆಡಳಿತ ಭಾಷೆಯಾಯಿತು. ಲಿಪಿ ಬದಲಾದರೂ ಫಿರ್ಯಾದಿ, ಪಂಚನಾಮೆ, ಜಪ್ತಿ, ಮುದ್ದೆಮಾಲು, ಸದರಿ ಮೊದಲಾದ ಪದಗಳು ಉಳಿದವು. ಇವು ರಾಜ್ಯದ ಬೇರೆ ಕಡೆಯ ಠಾಣೆಗಳಲ್ಲೂ ಬಳಕೆಯಲ್ಲಿವೆ. ಜನರಿಗೂ ಪರಿಚಿತವಾದ್ದರಿಂದ ಇವುಗಳಿಂದ ದೊಡ್ಡ ತೊಡಕಿಲ್ಲ.

ತೊಡಕು ಇರುವುದು ಸಿದ್ಧ ವಾಕ್ಯಗಳಲ್ಲಿ. ‘ಕೊಡಲಿ ಕಾವಿನಿಂದ ಹೊಡೆದ’ ಎಂದು ಗಾಯಾಳು ಹೇಳಿದ್ದನ್ನು ‘ಮಾರಕಾಸ್ತ್ರದಿಂದ ಹಲ್ಲೆ ನಡೆಸಿದ’ ಎಂದು ಬರೆದರೆ ಪೆಟ್ಟು ಕಾವಿನದೋ ಅಲಗಿನದೋ ತಿಳಿಯದು. ಪ್ರಥಮ ವರ್ತಮಾನ ವರದಿಯೇ ಅಪರಾಧಕ್ಕೆ ಪುರಾವೆಯಲ್ಲ, ನಿಜ. ಆದರೆ ದೂರು ಕೊಟ್ಟವನ ಸಾಕ್ಷ್ಯವನ್ನು ಸಮರ್ಥಿಸಲು ಅಥವಾ ಅಲ್ಲಗಳೆಯಲು ಅದನ್ನು ನ್ಯಾಯಾಲಯದಲ್ಲಿ ಬಳಸಬಹುದು. ಆತ ಆಡದ ಮಾತೇ ಆತನಿಗೆ ತಿರುಗುಬಾಣವಾದೀತು. ಆದ್ದರಿಂದ ಯಾರು, ಎಲ್ಲಿ, ಯಾವಾಗ, ಯಾವುದರಿಂದ, ಹೇಗೆ, ನೋಡಿದವರು ಯಾರು ಎಂಬುದನ್ನು ಹೇಳಿದವನ ಮಾತಿನಲ್ಲೇ, ಚಿಕ್ಕ ವಾಕ್ಯಗಳಲ್ಲಿ ಬರೆಯುವುದೇ ಒಳ್ಳೆಯ ವರದಿ. ಕಂಡದ್ದು, ಕೇಳಿದ್ದು, ಊಹಿಸಿದ್ದು ಬೇರೆಬೇರೆಯಾಗಿರಬೇಕು.

ಬಾಯಿಮಾತಿನ ದೂರನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಬೇಕೆಂಬ ನಿಯಮ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 154ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೂ ಇದೆ. ಅದರ ಪ್ರತಿಯನ್ನು ಉಚಿತವಾಗಿ ಕೊಡಬೇಕು.

ಓದಿ ಹೇಳಿದ ಮೇಲೆಯೇ ಸಹಿ ಎಂಬ ಈ ನಿಯಮ ಓದುಬರಹ ಬಾರದವನಿಗೆ ದೊಡ್ಡ ರಕ್ಷಣೆ. ‘ನಾನು ಹೇಳಿದ್ದು ಹೀಗಲ್ಲ’ ಎನ್ನಲು ಅವನಿಗೆ ಸಿಗುವ ಮೊದಲ ಅವಕಾಶವೂ ಅದೇ.